ಮಾತು ಬಿಟ್ಟ ಬೀಗರ ಪರೀಕ್ಷೆ

ಹರಿಹರದ ಶಿವಮೂರ್ತಪ್ಪನವರ ಮೆಕ್ಕೆಜೋಳದ ಗೋದಾಮಿನಲ್ಲಿ ಕೆಂಚವೀರಪ್ಪ ಹುಡುಗನಾಗಿದ್ದಾಗಿನಿಂದ ಚೀಲ ಹೊತ್ತ. ಐವತ್ತು ದಾಟಿದ ಮೇಲೆ ಬೆನ್ನು ಸೋತಿತು. ಸಾಹುಕಾರರು ಅವನನ್ನು ಹುಳಕ್ಕೆ ಗುಳಿಗೆ ಇಡುವ ಕೆಲಸಕ್ಕೆ ಹಾಕಿದರು. ಚೀಲದ ರಾಶಿಯ ನಡುವೆ ವಿಷದ ಗುಳಿಗೆ ಇಟ್ಟು, ತಾಡಪಾಲು ಹೊದಿಸಿ, ಬಾಗಿಲು ಹಾಕಿ ಹೊರಗೆ ಬರಬೇಕು. ಗುಳಿಗೆಯಿಂದ ಏಳುವ ಗ್ಯಾಸು ಹುಳವನ್ನು ಕೊಲ್ಲುತ್ತದೆ, ಸಿಕ್ಕರೆ ಮನುಷ್ಯನನ್ನೂ ಬಿಡುವುದಿಲ್ಲ. ಆದರೆ ನೆಟ್ಟಗೆ ನಿಂತು ಮಾಡುವ ಕೆಲಸ. ಕೆಂಚವೀರಪ್ಪನಿಗೆ ಅಷ್ಟು ಸಾಕಾಗಿತ್ತು. ಮೂಗಿಗೆ ಒದ್ದೆ ಟವೆಲ್ಲು ಕಟ್ಟಿಕೊಂಡು ಒಳಗೆ ಹೋಗಿ ಬರುತ್ತಿದ್ದ. ಇನ್ನೂ ಬದುಕಿರುವುದನ್ನು ತನ್ನ ಜಾಣತನವೆಂದು ತಿಳಿದಿದ್ದ.

ದಾವಣಗೆರೆ ಜಿಲ್ಲೆಯಾದ ಮರುವರ್ಷ, ಪರೀಕ್ಷೆ ಪಾಸಾದವರು ಮಾತ್ರ ಗುಳಿಗೆ ಮುಟ್ಟಬೇಕೆಂದು ಮೇಲಿನಿಂದ ಕಟ್ಟಳೆ ಬಂತು. ಒಬ್ಬನೇ ಒಳಗೆ ಹೋಗುವಂತಿಲ್ಲ. ಪರೀಕ್ಷೆಯೂ ಜೋಡಿಗೆ, ಪಾಸಾದರೆ ಇಬ್ಬರೂ, ಫೇಲಾದರೆ ಇಬ್ಬರೂ. ಗೋದಾಮಿನ ಹಮಾಲರಲ್ಲಿ ಅಕ್ಷರ ಬರುತ್ತಿದ್ದ ಇನ್ನೊಬ್ಬನೆಂದರೆ ಹಾಲೇಶಪ್ಪ.

ಹಾಲೇಶಪ್ಪ ಕೆಂಚವೀರಪ್ಪನ ಬೀಗ. ಅವನ ಮಗಳು ಪದ್ಮಶ್ರೀ ಇವನ ಮಗ ಹರೀಶನ ಹೆಂಡತಿ. ಮದುವೆಯಾಗಿ ಎರಡು ವರ್ಷ. ಬೀಗರು ಮಾತು ಬಿಟ್ಟೂ ಎರಡು ವರ್ಷ.

ಬೀಗರ ಊಟದ ದಿನ ಹಾಲೇಶಪ್ಪ ತಾನೇ ಬುಟ್ಟಿ ಹಿಡಿದು ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ ಬಂದಿದ್ದ. ಎರಡನೆಯ ಸುತ್ತಿಗೆ ಕೆಂಚವೀರಪ್ಪ ಎಲೆಗೆ ಕೈ ಅಡ್ಡ ಹಿಡಿದು "ಬ್ಯಾಡ, ಬ್ಯಾಡ, ಸಾಕು" ಎಂದ. ಮರ್ಯಾದಸ್ಥರು ಹಾಗೆ ಅನ್ನಬೇಕು. ಬಡಿಸುವವನು "ಅದೆಂಗಾಗ್ತೈತ್ರಿ" ಎಂದು ಕೈ ಸರಿಸಿ ಎರಡು ಹಾಕಬೇಕು. ಹಾಲೇಶಪ್ಪ "ಹ್ಞೂಂ" ಎಂದು ಮುಂದಿನ ಎಲೆಗೆ ನಡೆದುಬಿಟ್ಟ. ಇಡೀ ಪಂಕ್ತಿ ನೋಡುತ್ತಿತ್ತು.

ಮಾತು ಬಿಡುವುದು ಸೋಮಾರಿಗಳ ಕೈಲಾಗುವ ಕೆಲಸವಲ್ಲ. ಒಂದೇ ಸೂರಿನಡಿ ದುಡಿಯುತ್ತ ಅದನ್ನು ನಡೆಸಿಕೊಂಡು ಹೋಗಲು ನಿಷ್ಠೆ ಬೇಕು. ಹೇಳಲೇಬೇಕಾದ್ದನ್ನು ಕಂಬಕ್ಕೋ ತಕ್ಕಡಿಗೋ ಅಡ್ಡಾಡುವ ನಾಯಿಗೋ ಹೇಳಿ ಬೀಗನ ಕಿವಿಗೆ ಮುಟ್ಟಿಸಬೇಕು. ಇಬ್ಬರೂ ಆ ವಿದ್ಯೆಯಲ್ಲಿ ಪಳಗಿದ್ದರು.

"ನೋಡ್ರಪ್ಪಾ," ಎಂದರು ಶಿವಮೂರ್ತಪ್ಪ, "ಪಾಸಾದ್ರೆ ಕೆಲ್ಸ ನಿಮ್ದು. ಇಲ್ಲಾಂದ್ರೆ ಹೊರಗಿನ ಮಂದೀನ ಕರಸ್ತೀನಿ. ನೀವಿಬ್ರೂ ಮತ್ತೆ ಚೀಲಕ್ಕೆ ಹೆಗಲು ಕೊಡ್ರಿ."

ಆ ಮಾತು ಕೇಳಿಯೇ ಕೆಂಚವೀರಪ್ಪನ ಬೆನ್ನು ಒಮ್ಮೆ ಚಳಕು ಹೊಡೆಯಿತು.

ಪಾಠ ಹೇಳುವ ಹೊಣೆ ಪದ್ಮಶ್ರೀಯ ಮೇಲೆ ಬಿತ್ತು. ಎಸ್ಸೆಸ್ಸೆಲ್ಸಿ ಓದಿದವಳು, ಸಲುಗೆ ಕೊಡುವವಳಲ್ಲ. ಸಂಜೆ ಪಡಸಾಲೆಯಲ್ಲಿ ಬೀಗರಿಬ್ಬರೂ ಒಬ್ಬ ಪೂರ್ವದ ಗೋಡೆಗೆ, ಒಬ್ಬ ಪಶ್ಚಿಮದ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು.

"ಗುಳಿಗೆ ಡಬ್ಬಿ ಎಲ್ಲಿ ತೆಗೀಬೇಕು, ಮಾವ?"

"ಬಯಲಾಗೆ. ಮುಖದಿಂದ ದೂರ ಹಿಡ್ಕಂಡು."

"ಅಪ್ಪಾಜಿ, ಗ್ಯಾಸು ಕುಡ್ದು ತಲಿ ತಿರುಗಿದ್ರೆ?"

"ಮೊದ್ಲು ಹೊರಗೆ ಗಾಳಿಗೆ ತರ್ಬೇಕು. ಆಮ್ಯಾಲೆ ದವಾಖಾನಿ."

ಪ್ರಶ್ನೋತ್ತರಕ್ಕೆ ಕೊರತೆಯಿರಲಿಲ್ಲ. ತೊಡಕು ಬಂದದ್ದು ಹೊಸ ಕಟ್ಟಳೆ ಹೇಳಿದ, ಗ್ಯಾಸು ತಡೆಯುವ ರಬ್ಬರಿನ ಮುಖವಾಡದಲ್ಲಿ. ಇಬ್ಬರೂ ಮುಖವಾಡ ಕಟ್ಟಿಕೊಂಡು, ಒಬ್ಬರದನ್ನು ಇನ್ನೊಬ್ಬರು ನೋಡಿ, ಗಟ್ಟಿಯಾಗಿ ಕೇಳಬೇಕು, ಗಟ್ಟಿಯಾಗಿ ಉತ್ತರ ಪಡೆಯಬೇಕು. ಒಳಗಿರುವಷ್ಟು ಹೊತ್ತೂ ಕೂಗಿ ಮಾತಾಡುತ್ತಲೇ ಇರಬೇಕು. ದನಿ ನಿಂತರೆ ಜೊತೆಗಾರ ಬಿದ್ದನೆಂದು ತಿಳಿದು ಎಳೆದುಕೊಂಡು ಬರಬೇಕು. ಪದ್ಮಶ್ರೀ ಮುಖವಾಡದ ಬದಲು ಇಬ್ಬರ ಮೂಗಿಗೂ ತೆಂಗಿನ ಚಿಪ್ಪು ಕಟ್ಟಿ ಅಭ್ಯಾಸ ಮಾಡಿಸಿದಳು.

"ಪದ್ಮಾ," ಎಂದ ಕೆಂಚವೀರಪ್ಪ ಚಿಪ್ಪಿನೊಳಗಿಂದ, "ಪಟ್ಟಿ ಬಿಗಿ ಐತೇನು ಅಂತ ನಿಮ್ಮಪ್ಪಂಗೆ ಕೇಳು."

"ಐತೆ ಅಂತ ನಿಮ್ಮಾವಗೆ ಹೇಳವ್ವ," ಎಂದ ಹಾಲೇಶಪ್ಪ.

ಪದ್ಮಶ್ರೀ ಪುಸ್ತಕ ಮುಚ್ಚಿದಳು. "ವಿಷ ತುಂಬಿದ ಗೋದಾಮಿನಾಗೆ ನಡುವೆ ನಿಂತು ಹೇಳಾಕೆ ನನ್ನೂ ಕರ್ಕಂಡು ಹೋಗ್ತೀರೇನು?"

ಒಳಗಿನಿಂದ ಕೆಂಚವೀರಪ್ಪನ ಹೆಂಡತಿ ನಾಗರತ್ನಮ್ಮ ಕೂಗಿದಳು: "ಬಿಡವ್ವ ಅತ್ಲಾಗೆ. ಬಿದ್ರೂ ಗ್ವಾಡಿಗೆ ಹೇಳ್ಕಂಡೇ ಬೀಳ್ತಾರೆ ಇವ್ರು!"

ಪರೀಕ್ಷೆಯ ದಿನ ಒಂದೇ ಬಸ್ಸಿನಲ್ಲಿ, ಒಬ್ಬ ಮುಂದೆ ಒಬ್ಬ ಹಿಂದೆ ಕೂತು ದಾವಣಗೆರೆಗೆ ಹೋದರು. ಹಾಲೇಶಪ್ಪ ಮೀಸೆಗೆ ಎಣ್ಣೆ ಹಚ್ಚಿ ತಿರುವಿಕೊಂಡು ಬಂದಿದ್ದ. ಬಾಯಿಪಾಠದ ಪ್ರಶ್ನೆಗಳನ್ನು ಇಬ್ಬರೂ ತಡವರಿಸದೆ ದಾಟಿದರು. ಆಮೇಲೆ ಒಂದು ಹಳೆಯ ಗೋದಾಮಿನಲ್ಲಿ ಕೆಲಸದ ಪರೀಕ್ಷೆ. ಗುಳಿಗೆಯ ಬದಲು ಸೀಮೆಸುಣ್ಣದ ತುಂಡು, ಉಳಿದದ್ದೆಲ್ಲ ನಿಜದಂತೆಯೇ. ಪರೀಕ್ಷೆ ಮಾಡುವ ಅಧಿಕಾರಿ ಆಶಾರಾಣಿ ಬಾಗಿಲಲ್ಲಿ ನಿಂತು ಹೇಳಿದರು: "ಈ ಹತ್ತಿಗೆ ಬಾಳೆಹಣ್ಣಿನ ವಾಸನೆಯ ಎಣ್ಣೆ ಹಾಕಿದ್ದೇನೆ. ಮುಖದ ಹತ್ತಿರ ಹಿಡಿಯುತ್ತೇನೆ. ವಾಸನೆ ಬಂತೆಂದರೆ ಮುಖವಾಡ ಸೋರುತ್ತಿದೆ, ನೀವು ಫೇಲು. ಮೊದಲು ಒಬ್ಬರನ್ನೊಬ್ಬರು ನೋಡಿಕೊಳ್ಳಿ."

ಇಬ್ಬರೂ ಮುಖವಾಡ ಕಟ್ಟಿಕೊಂಡರು. ಕೆಂಚವೀರಪ್ಪ ನೋಡಿದ. ಬೀಗನ ಮೀಸೆಯ ಎರಡೂ ತುದಿ ರಬ್ಬರಿನ ಅಂಚಿನಡಿಯಿಂದ ಹೊರಗೆ ಬಂದಿದ್ದವು. ಅಲ್ಲಿ ಗಾಳಿ ನುಗ್ಗದೆ ಇನ್ನೆಲ್ಲಿ ನುಗ್ಗೀತು?

ಅವನು ಸುತ್ತ ಕಣ್ಣಾಡಿಸಿದ. ಹೇಳಲು ಒಂದು ಕಂಬವೂ ಇರಲಿಲ್ಲ. ಆಶಾರಾಣಿ ಹತ್ತಿ ಹಿಡಿದು ಹೆಜ್ಜೆ ಹಾಕತೊಡಗಿದರು.

"ಮೀಸೆ!" ಎಂದು ಅರಚಿದ. ಮುಖವಾಡದೊಳಗಿಂದ ಅದು ಎಮ್ಮೆ ಕೂಗಿದಂತೆ ಬಂತು.

"ಆಂ?"

"ನಿಮ್ ಮೀಸೆ ಹೊರಗೆ ಬಂದೈತ್ರಿ ಬೀಗರೆ! ಒಳಗೆ ತಳ್ರಿ!"

ಹಾಲೇಶಪ್ಪ ಬೆರಳಿನಿಂದ ತಳ್ಳಿದ. "ಈಗ?"

"ಬಲಗಡೀದು ಆತು. ಎಡಗಡೀದು!"

"ಈಗ?"

"ಇನ್ನೊಂಚೂರು. ಹಾಂ, ಸಾಕು!"

ಹಾಲೇಶಪ್ಪನ ಕೈ ಅಲ್ಲೇ ನಿಂತಿತು. "ಖರೇನೇ ಸಾಕೋ, ಇನ್ನೂ ಬೇಕೋ? ನಿಮ್ ಸಾಕು ನಂಬಿ ಒಂದ್ಸಲ ಕೆಟ್ಟೀನಿ!"

"ಹೋಳಿಗೆ ಮಾತು ಬ್ಯಾರೆ, ಮೀಸೆ ಮಾತು ಬ್ಯಾರೆ!"

"ಬ್ಯಾಡ ಅಂದೋರು ನೀವೇ!"

"ಬ್ಯಾಡ ಅಂದ್ರೆ ಬ್ಯಾಡಾನ? ಕೈ ಸರಿಸಿ ಹಾಕಾಕೇನಾಗಿತ್ತು?"

"ಬುಟ್ಯಾಗೆ ಉಳಿದಿದ್ದು ಎರಡು ಕಣ್ರಿ! ಮುಂದಿನ ಎಲಿಗೆ ನಿಮ್ಮಕ್ಕ ಕೂತಿದ್ರು. ಅವ್ರಿಗೆ ಕಮ್ಮಿ ಬಿದ್ದಿದ್ರೆ ನನ್ ಮಗಳು ಜಲ್ಮ ಎಲ್ಲಾ ಅನ್ನಿಸ್ಕೋಬೇಕಿತ್ತು!"

ಇದು ಕೆಂಚವೀರಪ್ಪನಿಗೆ ಹೊಸ ಸುದ್ದಿ. ಅಕ್ಕನ ಬಾಯಿ ಅವನಿಗೂ ಗೊತ್ತು. ಎರಡು ವರ್ಷದ ಸಿಟ್ಟಿನ ಬುಡವೇ ಸಡಿಲವಾಯಿತು. ಆದರೆ ಸಾಕಿ ಬೆಳೆಸಿದ ಸಿಟ್ಟನ್ನು ಕೇಳಿದ ಕೂಡಲೇ ಯಾರು ಬಿಟ್ಟುಕೊಡುತ್ತಾರೆ?

"ಅವತ್ತೇ ಹೇಳಾಕೇನಾಗಿತ್ತು ನಿಮಗೆ?"

"ನೀವು ಮಾತು ಬಿಟ್ರಿ, ನಾನು ಯಾರಿಗೆ ಹೇಳ್ಲಿ?"

ಬಾಯಿ ಜಗಳವಾಡುತ್ತಿತ್ತು, ಕೈಗಳು ನಿಯಮ ತಪ್ಪಲಿಲ್ಲ. ಸೀಮೆಸುಣ್ಣದ ಗುಳಿಗೆ ಇಟ್ಟರು. ತಾಡಪಾಲು ಎಳೆದರು. ಅಂಚಿಗೆ ಮರಳಿನ ಚೀಲ ಒತ್ತಿದರು. "ಆ ಕಡೆ ಸಂದಿ ಐತೆ, ಕಣ್ಣು ಕಾಣಾಕಿಲ್ವಾ?" "ನಿಮಗೆ ಮನುಷ್ಯರ ಕಷ್ಟ ಕಾಣಾಕಿಲ್ಲ, ಸಂದಿ ಕಾಣ್ತೈತೆ!" ಆಶಾರಾಣಿ ಇಬ್ಬರ ಮುಖದ ಸುತ್ತ ಹತ್ತಿ ಆಡಿಸಿದರು. ಬಾಳೆಹಣ್ಣಿನ ವಾಸನೆ ಒಬ್ಬರಿಗೂ ಬರಲಿಲ್ಲ.

"ಒಳಗಿರುವಷ್ಟು ಹೊತ್ತು ದನಿ ನಿಲ್ಲಬಾರದು ಅಂತ ನಿಯಮ," ಎಂದರು ಅವರು, ನಗುವನ್ನು ತುಟಿಯಲ್ಲೇ ತಡೆದು. "ಇವತ್ತು ಅದನ್ನು ಪೂರ್ತಿ ಪಾಲಿಸಿದ ಜೋಡಿ ನಿಮ್ಮದೊಂದೇ. ಪಾಸು. ಇನ್ನು ಮುಖವಾಡ ತೆಗೆಯಿರಿ."

ತೆಗೆಯಲಿಲ್ಲ, ಮಾತು ಅರ್ಧಕ್ಕೆ ಬಂದಿತ್ತಷ್ಟೇ. ಅವರು ಇನ್ನೊಮ್ಮೆ ಹೇಳಬೇಕಾಯಿತು.

ಹರಿಹರಕ್ಕೆ ಮರಳುವಾಗ ಬೀಗರು ಒಂದೇ ಸೀಟಿನಲ್ಲಿ ಕೂತರು. ಎರಡು ವರ್ಷದ ಬಾಕಿ ಮಾತು ಆ ದಾರಿಗೆ ಸಾಲುವಂತಿರಲಿಲ್ಲ. ಹಬ್ಬಕ್ಕೆ ಕರೆಯದಿದ್ದದ್ದು, ಜ್ವರ ಬಂದಾಗ ನೋಡಲು ಬಾರದಿದ್ದದ್ದು, ಎಲ್ಲ ಎದ್ದು ಬಂದವು. ಕಂಡಕ್ಟರು ಎರಡು ಸಲ ಗದರಿಸಿದ. ಇಳಿದು ಮನೆಯ ಓಣಿ ಹೊಕ್ಕಾಗಲೂ ಕೆಂಚವೀರಪ್ಪ ಕೈ ಬೀಸಿ ವಾದಿಸುತ್ತಲೇ ಇದ್ದ. ಬೆನ್ನಿನ ನೋವು ಅವನ ನೆನಪಿಗೇ ಬಂದಿರಲಿಲ್ಲ.

ಪದ್ಮಶ್ರೀ ಬಾಗಿಲಿಗೆ ಓಡಿ ಬಂದಳು. "ಏನಾತು? ಪಾಸೋ ಫೇಲೋ?"

"ಇರವ್ವ," ಎಂದರು ಇಬ್ಬರೂ ಒಟ್ಟಿಗೆ, ಅವಳತ್ತ ತಿರುಗದೆ.

ನಾಗರತ್ನಮ್ಮ ಸೊಸೆಯ ಹಿಂದೆ ನಿಂತು ಇಬ್ಬರ ಗಂಟಲನ್ನೂ ಅಳೆದು ನೋಡಿದಳು. "ಪಾಸೇ ಆಗ್ಯಾರೆ ಬಿಡು," ಎಂದಳು. "ಫೇಲಾದೋರಿಗೆ ಇಷ್ಟು ದನಿ ಎಲ್ಲಿಂದ ಬರ್ತೈತೆ?"