ನಾಲ್ಕನೆಯ ಭಾಗದ ಟ್ರಾಂಬೋನ್

ಕಪ್ಪು ಕೋಟು ತೊಟ್ಟು, ತುಂಬಿದ ಸಭೆಯೆದುರು ಏನೂ ಮಾಡದೆ ಅರ್ಧ ಗಂಟೆ ಕೂರುವುದು ಸುಲಭವೆಂದು ತಿಳಿಯಬೇಡಿ. ಆಕಳಿಸುವಂತಿಲ್ಲ; ಮೂಗು ಕೆರೆದುಕೊಂಡರೂ ಬಾಲ್ಕನಿಯವರಿಗೆ ಕಾಣುತ್ತದೆ. ನಾನು ಟ್ರಾಂಬೋನ್ ನುಡಿಸುವವನು. ಅಂದರೆ, ಹೆಚ್ಚು ಹೊತ್ತು ನುಡಿಸದೇ ಇರುವವನು.

ಹುಬ್ಬಳ್ಳಿಯ ಹೈಸ್ಕೂಲ್ ಬ್ಯಾಂಡಿನಲ್ಲಿ ಕಲಿತ ಈ ಉದ್ದನೆಯ ಹಿತ್ತಾಳೆ ವಾದ್ಯವನ್ನು ಮತ್ತೆ ಹಿಡಿದದ್ದು ಅಮೆರಿಕದ ನೋವೈ ಎಂಬ ಊರಿನಲ್ಲಿ, ಕಾರಿನ ಬಿಡಿಭಾಗದ ಕಂಪನಿ ನನ್ನನ್ನು ಲೇಆಫ್ ಮಾಡಿದ ಚಳಿಗಾಲದಲ್ಲಿ. ದಿನವಿಡೀ ಫೋನನ್ನೇ ದಿಟ್ಟಿಸುತ್ತಿದ್ದ ನನ್ನನ್ನು ಹೆಂಡತಿ ನಸೀಮಾ ಊರಿನ ಹವ್ಯಾಸಿ ಆರ್ಕೆಸ್ಟ್ರಾಕ್ಕೆ ಅಟ್ಟಿದಳು. ಅಲ್ಲಿ ತಯಾರಿ ನಡೆದಿದ್ದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗಾಲದ ಒಂದು ದೊಡ್ಡ ಸಿಂಫನಿಗೆ. ನಾಲ್ಕು ಭಾಗ; ಟ್ರಾಂಬೋನಿಗೆ ಕೆಲಸ ನಾಲ್ಕನೆಯದರಲ್ಲಿ ಮಾತ್ರ. ಅದನ್ನು ರಚಿಸಿದ ಸಂಗೀತಗಾರ ಟ್ರಾಂಬೋನನ್ನು ಪ್ರಳಯಕ್ಕೋ ಪ್ರಾರ್ಥನೆಗೋ ಮೀಸಲಿಟ್ಟವನು, ದಿನಬಳಕೆಗಲ್ಲ. ನಮ್ಮ ಮದುವೆ ಮೆರವಣಿಗೆಯ ಬ್ಯಾಂಡಿನವರು ಕೇಳಿದರೆ ನಕ್ಕಾರು.

ಆಗಷ್ಟೇ ಹುಬ್ಬಳ್ಳಿಯಿಂದ ಬಂದಿದ್ದ ಅಮ್ಮಿಯೂ ಕಾನ್ಸರ್ಟಿಗೆ ಬಂದರು. ಮೊದಲ ಭಾಗ ಮುಗಿಯಿತು, ಎರಡನೆಯದೂ ಮುಗಿಯಿತು. ಪಿಟೀಲಿನವರು ಬೆವರುತ್ತಿದ್ದರು, ನಾನು ತೊಡೆಯ ಮೇಲೆ ವಾದ್ಯವಿಟ್ಟುಕೊಂಡು ಕೂತೇ ಇದ್ದೆ. ಅಮ್ಮಿ ಸೊಸೆಯ ಕಿವಿಯಲ್ಲಿ, “ಇವಂಗ ಇಲ್ಲೂ ಕೆಲಸ ಇಲ್ಲೇನ?” ಎಂದರಂತೆ.

“ತಡೀರಿ ಅಮ್ಮಿ, ಬರ್ತದ,” ಎಂದಳಂತೆ ನಸೀಮಾ.

ಬಂತು. ನಗಾರಿ ಗುಡುಗಿ ತಣ್ಣಗಾದ ಮೇಲೆ ನಾವು ಮೂವರು ಟ್ರಾಂಬೋನಿನವರು ತೀರಾ ಮೆತ್ತಗೆ ಶುರುಮಾಡಬೇಕು. ಗಟ್ಟಿಯಾಗಿ ಊದುವುದು ಯಾರಿಗಾದರೂ ಬರುತ್ತದೆ. ಇಲ್ಲಿ ಲೋಹ ತಣ್ಣಗಾಗಿದೆ, ತುಟಿ ಒಣಗಿದೆ, ತಪ್ಪಿದರೆ ಮುಚ್ಚಿಕೊಳ್ಳಲು ಬೇರೆ ಸದ್ದೂ ಇಲ್ಲ. ಆ ಕ್ಷಣ ನನಗೆ ಇನ್ನೊಂದು ಸೋಲು ಬೇಡವೇ ಬೇಡವಾಗಿತ್ತು. ಉಸಿರೆಳೆದುಕೊಂಡೆ. ಮೊದಲ ಸ್ವರ ಕೊಂಚ ಅಳುಕಿತು. ಪಕ್ಕದವರ ಸ್ವರಕ್ಕೆ ಆತುಕೊಂಡು ನಿಂತುಕೊಂಡಿತು.

ಪಾರ್ಕಿಂಗ್ ಲಾಟಿನಲ್ಲಿ ಅಮ್ಮಿ ನನ್ನ ತೋಳು ಹಿಡಿದರು. “ಅಷ್ಟೊತ್ತು ಸುಮ್ನ ಕುಂತು, ಇಷ್ಟು ಮೆತ್ತಗ ಊದಿದಿಯಲ್ಲೋ! ನಾ ಆಗಿದ್ರ ಸಿಟ್ಟಿಲೆ ಛತ್ತು ಹಾರಿಸಿಬಿಡ್ತಿದ್ದೆ.”

ಆ ಚಳಿಗಾಲದಲ್ಲಿ ನಾನು ಬಾಯಿತುಂಬ ನಕ್ಕದ್ದು ಅದೇ ಮೊದಲು.

ಕೆಲವು ದಿನಗಳ ನಂತರ ಇಟಾಸ್ಕಾ ಎಂಬ ದೂರದ ಊರಿನಲ್ಲಿ ಕೆಲಸಕ್ಕೊಂದು ಇಂಟರ್‌ವ್ಯೂ. “ಇಷ್ಟು ತಿಂಗಳು ಏನು ಮಾಡ್ತಿದ್ರಿ?” ಎಂದು ಕೇಳಿದರು. ಈ ಪ್ರಶ್ನೆಗೆ ಯಾವಾಗಲೂ ತೊದಲುತ್ತಿದ್ದ ನಾನು, “ಆರ್ಕೆಸ್ಟ್ರಾದಲ್ಲಿದ್ದೆ,” ಎಂದೆ. ಮೆಲ್ಲಗೆ, ಆದರೆ ನಡುಗದೆ.

ಆ ಕೆಲಸ ಸಿಗಲಿಲ್ಲ. ಅದರ ಮುಂದಿನದು ಸಿಕ್ಕಿತು.