ಅಂಗೈ ಮೇಲಿನ ಹಾಳೆ

ಪುಟಕ್ಕೊಂದು ಚಿತ್ರ, ಚಿತ್ರದ ಕೆಳಗೊಂದು ಸಾಲು ಇರುವ ಮಕ್ಕಳ ಪುಸ್ತಕವನ್ನು ಎರಡೂವರೆ ಗಂಟೆಯ ಸಿನಿಮಾ ಮಾಡಲು ಮೊದಲು ಬೇಕಾಗುವುದು ಧೈರ್ಯ, ಆಮೇಲೆ ಬೇಕಾಗುವುದು ಖಳನಾಯಕ. ನಮ್ಮ ನಿರ್ದೇಶಕರ ಬಳಿ ಎರಡೂ ಧಾರಾಳವಾಗಿದ್ದವು. ಕಥೆ ಇಷ್ಟೇ: ಆನೆಮರಿಯೊಂದು ತನ್ನ ಕೆಂಪು ಛತ್ರಿ ಕಳೆದುಕೊಂಡು, ಮಳೆಯಲ್ಲಿ ನೆನೆಯುತ್ತ, ಎದುರಾದವರನ್ನೆಲ್ಲ ‘ನನ್ನ ಛತ್ರಿ ಕಂಡಿರಾ?’ ಎಂದು ಕೇಳುತ್ತ ಹೋಗುತ್ತದೆ. ನಮ್ಮ ಅಜ್ಜಿಯರ ಕಾಲದಿಂದಲೂ ಮಕ್ಕಳು ಆ ಪುಸ್ತಕವನ್ನು ಮೊದಲು ಕಚ್ಚಿ, ಆಮೇಲೆ ಹರಿದು, ಕೊನೆಗೆ ಬಾಯಿಪಾಠ ಮಾಡಿ ದೊಡ್ಡವರಾಗಿದ್ದಾರೆ.

ಸಂಭಾಷಣೆ ಬರೆಯಲು ನನ್ನನ್ನು ಕರೆದಿದ್ದರು. ಇಡೀ ಪುಸ್ತಕದಲ್ಲಿದ್ದ ಸಂಭಾಷಣೆ ಆ ಒಂದೇ ಪ್ರಶ್ನೆ. ಅದನ್ನು ನಾನು ದಪ್ಪ ಫೈಲಿನಷ್ಟು ಎಳೆದೆ. ಎಳೆದದ್ದು ಯಾರಿಗೂ ತಿಳಿಯುವುದಿಲ್ಲ ಎಂಬ ನಂಬಿಕೆ ಆಗ ನನಗಿತ್ತು.

ಆದರೆ ನಾನು ಹೇಳಹೊರಟಿರುವುದು ಟೇಪಮ್ಮನವರ ವಿಷಯ.

ಸ್ಟುಡಿಯೋದ ಹಿಂಬದಿಯಲ್ಲಿ, ಜನರೇಟರಿನ ಪಕ್ಕಕ್ಕೆ, ತಗಡಿನ ಚಾವಣಿಯ ಒಂದು ಉದ್ದನೆಯ ಕೋಣೆ. ಅಲ್ಲಿ ರಾಜರ ನಿಲುವಂಗಿಗಳು ಮತ್ತು ಪೊಲೀಸರ ಖಾಕಿಗಳು ಒಂದೇ ಕಂಬಿಗೆ ಜೋತುಬಿದ್ದಿರುತ್ತವೆ. ಜನರೇಟರ್ ಶುರುವಾದಾಗಲೆಲ್ಲ ಮೇಜಿನ ಮೇಲಿನ ದೊಡ್ಡ ಕತ್ತರಿ ಗಡಗಡ ನಡುಗುತ್ತದೆ. ಟೇಪಮ್ಮ ತಲೆಯೆತ್ತದೆ ಒಂದು ಕೈ ಚಾಚಿ, ಅಳುವ ಕೂಸನ್ನು ತಟ್ಟುವ ಹಾಗೆ, ಅದರ ಮೇಲೆ ಇಡುತ್ತಿದ್ದರು. ಇನ್ನೊಂದು ಕೈ ಮಿಷಿನ್ನಿನ ಸೂಜಿಯ ಕೆಳಗೆ ಬಟ್ಟೆ ತಳ್ಳುತ್ತಲೇ ಇರುತ್ತಿತ್ತು. ಕೊರಳಲ್ಲಿ ಸದಾ ಅಳತೆಯ ಟೇಪು ಇದ್ದುದರಿಂದ ಆ ಹೆಸರು. ಟೇಪಿಲ್ಲದೆ ಅವರನ್ನು ಕಂಡವರು ಗುರುತು ಹಿಡಿಯುತ್ತಿರಲಿಲ್ಲವಂತೆ.

ನಾಯಕನಟರ ಸೊಂಟದ ನಿಜವಾದ ಸುತ್ತಳತೆ ಬಲ್ಲ ಏಕೈಕ ವ್ಯಕ್ತಿ ಅವರು. ಬಾಯಿಬಿಟ್ಟಿದ್ದರೆ ಎಷ್ಟೋ ಅಭಿಮಾನಿ ಸಂಘಗಳು ಮುಚ್ಚಿಹೋಗುತ್ತಿದ್ದವು. ಬಿಡಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, “ಊರವರ ಅಳತೆಯೆಲ್ಲ ತಗೊಂಡೆ ಕಣಪ್ಪ, ಒಂದೂ ಹೊಂದಲಿಲ್ಲ” ಎನ್ನುತ್ತಿದ್ದರು.

ಆನೆಮರಿಯನ್ನು ಕಂಪ್ಯೂಟರಿನಲ್ಲಿ ಮಾಡದೆ ಬಟ್ಟೆಯಲ್ಲೇ ಮಾಡಬೇಕು ಎಂದು ನಿರ್ದೇಶಕರು ತೀರ್ಮಾನಿಸಿದರು. ಅದನ್ನು ಅವರು ‘ಕಲಾತ್ಮಕ ನಿಲುವು’ ಎಂದರು, ನಿರ್ಮಾಪಕರು ‘ಉಳಿತಾಯ’ ಎಂದರು, ಇಬ್ಬರೂ ಕೈಕುಲುಕಿದರು. ಬೂದು ಬಣ್ಣದ ದಪ್ಪ ಬಟ್ಟೆ, ಒಳಗೆ ಸ್ಪಂಜು, ಅದರೊಳಗೆ ಇಬ್ಬರು ಗಂಡಸರು. ಮುಂದಿನವನನ್ನು ಮುಂಗಾಲು ಎಂದೂ ಹಿಂದಿನವನನ್ನು ಹಿಂಗಾಲು ಎಂದೂ ಎಲ್ಲರೂ ಕರೆಯತೊಡಗಿದರು.

“ಸಾರ್, ನಂಗೂ ಒಂದು ಡೈಲಾಗ್ ಬರೀರಿ” ಎಂದು ಹಿಂಗಾಲು ನನ್ನ ಬೆನ್ನು ಬಿದ್ದಿದ್ದ.

“ನೀನು ಹಿಂಗಾಲಪ್ಪಾ.”

“ಹಿಂಗಾಲಿಗೆ ಮನಸ್ಸಿರಲ್ವಾ ಸಾರ್?”

“ಇರುತ್ತೆ, ಬಾಯಿರಲ್ಲ” ಎಂದರು ಟೇಪಮ್ಮ, ಅವನ ತೊಡೆಗೆ ಟೇಪು ಸುತ್ತುತ್ತ. “ನೆಟ್ಟಗೆ ನಿಂತ್ಕೋ. ಉಸಿರು ಬಿಡು. ಆನೆ ಹೊಟ್ಟೆ ಒಳಗೆ ಎಳ್ಕೊಳಲ್ಲ.”

ಅಳತೆ ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿದರು. “ಮರಿಯದು ಆಯ್ತು. ಅಮ್ಮನಿಗೆ ಇದೇ ಬಟ್ಟೆನೋ, ಇನ್ನೊಂಚೂರು ಗಾಢ ತರಿಸ್ಲೋ?”

“ಯಾವ ಅಮ್ಮ?”

“ಆನೆಮರಿ ಅಮ್ಮ. ಕೊನೇ ಹಾಳೆಯಲ್ಲಿ ಬಾಗಿಲ ಹತ್ರ ನಿಂತಿರ್ತಾಳಲ್ಲ.”

“ಪುಸ್ತಕದಲ್ಲಿ ಅಮ್ಮನೇ ಇಲ್ಲ ಟೇಪಮ್ಮ.”

“ಡೈಲಾಗ್ ಬರೆಯೋರು ಒಂದ್ಸಲ ಪುಸ್ತಕನೂ ಓದಿದ್ರೆ ಚೆನ್ನಾಗಿರುತ್ತೆ” ಎಂದು ನಕ್ಕರು. ಹಿಂಗಾಲೂ ನಕ್ಕ. ನನಗೆ ಪೌರುಷ ಬಂತು. ಹೋಗಿ ನಿರ್ದೇಶಕರ ಮೇಜಿನಿಂದ ಪುಸ್ತಕ ತಂದು ಮುಂದಿಟ್ಟೆ.

ಅವರು ಸೆರಗಿಗೆ ಕೈ ಒರೆಸಿಕೊಂಡು ನೇರ ಕೊನೆಯ ಹಾಳೆ ತೆರೆದರು. ಚಿತ್ರದಲ್ಲಿ ಬಿಸಿಲು ಬಿದ್ದಿತ್ತು. ಆನೆಮರಿ ಬೆನ್ನು ತೋರಿಸಿ ಹುಲ್ಲಿನ ಮೇಲೆ ಓಡುತ್ತಿತ್ತು. ಕೆಳಗೆ: ‘ಮಳೆ ನಿಂತಿತು. ಆನೆಮರಿ ಛತ್ರಿಯನ್ನು ಮರೆತು ಆಡಲು ಓಡಿತು.’

ಟೇಪಮ್ಮ ಅದನ್ನು ಓದಿದರು. ಹಾಳೆ ತಿರುವಿದರು. ಹಿಂದೆ ಬರೀ ರಟ್ಟು. ಮತ್ತೆ ಈ ಕಡೆ ತಿರುವಿದರು. “ಇದು ಹೊಸದಾಗಿ ಹಾಕಿರಬೇಕು” ಎಂದರು. ಮೊದಲಿನಿಂದಲೂ ಹೀಗೇ ಇದೆ, ನಾನೂ ಇದನ್ನೇ ಓದಿ ಬೆಳೆದವನು ಎಂದೆ. ಜನರೇಟರ್ ಶುರುವಾಯಿತು, ಕತ್ತರಿ ನಡುಗಿತು. ಅವರ ಕೈ ಅದರ ಮೇಲೆ ಹೋಗಲಿಲ್ಲ.

ಮರುದಿನ ಊಟದ ಹೊತ್ತಿನಲ್ಲಿ ಅವರು ತಮ್ಮ ಮನೆಯ ಪ್ರತಿಯನ್ನು ತಂದಿದ್ದರು. ಅವರ ಅಪ್ಪ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸದಲ್ಲಿದ್ದರು. ಹಳತಾಗಿ ರದ್ದಿಗೆ ಹಾಕಿದ್ದನ್ನು ಕೇಳಿ ಪಡೆದು ತಂದುಕೊಟ್ಟದ್ದಂತೆ. ಅದೇ ವರ್ಷ ಅಮ್ಮ ತೀರಿಕೊಂಡಿದ್ದರು. ಟೇಪಮ್ಮನವರಿಗೆ ಆಗ ನಾಲ್ಕು ವರ್ಷ.

“ಕೊನೇ ಹಾಳೆ ಇರಲಿಲ್ಲ” ಎಂದರು. “ನಾನು ಮುಗೀತು ಅಂತ ಏಳೋಕೆ ಹೋದ್ರೆ, ಅಪ್ಪ ಕೈ ಹಿಡಿದು ಕೂರಿಸೋರು. ‘ಇರಮ್ಮ, ಇನ್ನೊಂದು ಹಾಳೆ ಇದೆ’ ಅನ್ನೋರು. ಬೆರಳು ನಾಲಿಗೆಗೆ ತಾಗಿಸ್ಕೊಂಡು, ಇಲ್ಲದ ಹಾಳೆ ತಿರುವಿ, ಅಂಗೈ ಹೀಗೆ ಬಿಡಿಸಿ ಅದನ್ನ ನೋಡ್ಕೊಂಡು ಓದೋರು. ‘ಮನೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಸೊಂಡಿಲಲ್ಲಿ ಕೆಂಪು ಛತ್ರಿ ಇತ್ತು. ಇದನ್ನ ಹುಡುಕೋಕೆ ಅಷ್ಟು ದೂರ ಹೋದ್ಯಾ ಕಂದಾ ಅಂದಳು.’ ದಿನಾ ಅದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡೋರು, ಪೂರ್ತಿ ಪುಸ್ತಕ ನೋಡಿರ್ತಾರೆ, ಬಾಯಿಪಾಠ ಬರುತ್ತೆ ಅಂದ್ಕೊಂಡಿದ್ದೆ.”

“ಆಮೇಲೆ ಯಾವತ್ತೂ ಬೇರೆ ಪ್ರತಿ ನೋಡಲಿಲ್ವಾ?”

“ಮನೇಲಿರೋ ಪುಸ್ತಕನ ಅಂಗಡೀಲಿ ಯಾರಪ್ಪ ಬಿಚ್ಚಿ ನೋಡ್ತಾರೆ?”

ಆಮೇಲೆ ಅವರು ಪುಸ್ತಕವನ್ನು ಹಿಂದಿನಿಂದ ತೆರೆದು, ಹೊಲಿಗೆಯ ಹತ್ತಿರ ಉಳಿದಿದ್ದ ಕಾಗದದ ಸಣ್ಣ ಅಂಚನ್ನು ಉಗುರಿನಿಂದ ಎತ್ತಿ ತೋರಿಸಿದರು. ನೆಟ್ಟಗೆ, ಒಂದು ನೂಲೂ ಸೊಟ್ಟಗಾಗದೆ ಇತ್ತು.

“ಹರಿದಿದ್ದಲ್ಲ ಇದು. ಕತ್ತರಿಸಿದ್ದು. ರಾತ್ರಿಯಿಂದ ನೋಡ್ತಿದೀನಿ. ಇಷ್ಟು ವರ್ಷ ಕತ್ತರಿ ಹಿಡಿದೆ, ಇದೊಂದನ್ನ ನೋಡ್ಲಿಲ್ಲ.” ಆ ಅಂಚಿನ ಮೇಲೆ ಬೆರಳಾಡಿಸಿ, “ಕಳ್ಕೊಂಡಿದ್ದನ್ನ ಮರೆತು ಆಡೋಕೆ ಓಡಿತು ಅಂತ ಹೇಗೆ ಓದಿ ಹೇಳ್ತಾರೆ, ಪಾಪ” ಎಂದರು.

ಯಾರು ಪಾಪ ಎಂದು ನಾನು ಕೇಳಲಿಲ್ಲ. ಊಟದ ಡಬ್ಬಿ ಹಾಗೇ ಮುಚ್ಚಿದರು.

ಆ ಸಂಜೆ ಅವರು ತಮ್ಮ ವೃತ್ತಿಜೀವನದಲ್ಲಿ ಮೊದಲ ಬಾರಿಗೆ ನಿರ್ದೇಶಕರ ಕೋಣೆಗೆ ಟೇಪಿಲ್ಲದೆ ಹೋದರು. ನಾನು ಜೊತೆಗಿದ್ದೆ. “ಸಾರ್, ಕೊನೆಗೆ ಬಾಗಿಲಲ್ಲಿ ಅಮ್ಮನ್ನ ನಿಲ್ಲಿಸಕ್ಕಾಗುತ್ತಾ? ಒಂದೇ ಒಂದು ಸಲ. ಮಾತು ಬೇಡ. ಬಟ್ಟೆ ನಾನೇ ಹೊಲೀತೀನಿ” ಎಂದರು.

ನಿರ್ದೇಶಕರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಭಾಷಣ ಬರುತ್ತದೆ ಎಂದು ಇಡೀ ಸ್ಟುಡಿಯೋಕ್ಕೆ ಗೊತ್ತು. “ಅಮ್ಮಾ, ಇದು ಮೂರು ತಲೆಮಾರು ಓದಿರೋ ಕೃತಿ. ಮೂಲಕ್ಕೆ ದ್ರೋಹ ಮಾಡೋಕಾಗಲ್ಲ. ನಾಳೆ ಮಕ್ಕಳು ನನ್ನ ಕೇಳ್ತಾರೆ.”

ಅಷ್ಟರಲ್ಲಿ ಸಹಾಯಕರೊಬ್ಬರು ಬಂದು, ಖಳನಾಯಕ ಹೆಲಿಕಾಪ್ಟರಿನಿಂದ ಬಲೆ ಬೀಸಿ ಆನೆಮರಿಯನ್ನು ಸರ್ಕಸ್ಸಿಗೆ ಒಯ್ಯುವ ದೃಶ್ಯಕ್ಕೆ ಹೆಲಿಕಾಪ್ಟರ್ ಬಾಡಿಗೆಗೆ ಸಿಕ್ಕಿದೆ ಎಂದು ಹೇಳಿದರು. ನಿರ್ದೇಶಕರಿಗೆ ತುಂಬ ಸಂತೋಷವಾಯಿತು. ಮೂಲ ತುಟಿಪಿಟಿಕ್ ಎನ್ನಲಿಲ್ಲ.

ಟೇಪಮ್ಮ ಮತ್ತೆ ಆ ಮಾತೆತ್ತಲಿಲ್ಲ. ಆದರೆ ಅವರ ಮಿಷಿನ್ನಿನ ಕೆಳಗಿದ್ದ ಬುಟ್ಟಿಯಲ್ಲಿ ಉಳಿದ ಬೂದು ಬಟ್ಟೆಯ ಚೂರುಗಳು ದಿನದಿನಕ್ಕೂ ಕಡಿಮೆಯಾಗುತ್ತಿದ್ದವು. ಒಂದು ದಿನ ಕಂಬಿಯ ಕೊನೆಯಲ್ಲಿ, ಒಬ್ಬ ರಾಣಿಗೂ ಒಬ್ಬ ಇನ್ಸ್‌ಪೆಕ್ಟರಿಗೂ ನಡುವೆ, ದೊಡ್ಡ ಆನೆಯೊಂದು ತೂಗುತ್ತಿತ್ತು. ಚೂರುಗಳನ್ನು ಸೇರಿಸಿ ಹೊಲಿದದ್ದರಿಂದ ಮೈತುಂಬ ಜೋಡಣೆಯ ಗೆರೆಗಳು. ಮುದಿ ಆನೆಯ ಚರ್ಮದ ಸುಕ್ಕು ಅದಕ್ಕಿಂತ ಚೆನ್ನಾಗಿ ಬಾರದು. ಸೊಂಡಿಲಿನ ತುದಿಯೊಳಗೆ ತಂತಿ ಹಾಕಿ ಬಾಗಿಸಿದ್ದರು. ಒಂದು ಛತ್ರಿಯ ಹಿಡಿ ಸರಿಯಾಗಿ ಕೂರುವಷ್ಟು ಬಾಗು.

“ಬಟ್ಟೆ ಉಳಿದಿತ್ತು” ಎಂದರು ನನಗೆ, ನಾನು ಏನೂ ಕೇಳದಿದ್ದರೂ.

ಹಿಂಗಾಲು ತಾನಾಗಿಯೇ ಅದರೊಳಗೆ ಹೊಕ್ಕು ನೋಡಿದ. “ಟೇಪಮ್ಮ, ಇದರಲ್ಲಿ ಒಬ್ಬನೇ ನಿಲ್ಬಹುದು! ಎರಡು ಕಾಲ ಮೇಲೆ! ಇದರಲ್ಲಿ ನಾನು ಪೂರ್ತಿ ಆನೆ!”

“ಬಾಗಿಲಲ್ಲಿ ನಿಲ್ಲೋಕೆ ಅಷ್ಟು ಸಾಕು ಕಣೋ” ಎಂದರು.

ಪೂರ್ತಿ ಆನೆಯಾದ ಖುಷಿಯಲ್ಲಿ ಅವನು ನೇರ ಸೆಟ್ಟಿಗೆ ನಡೆದುಬಿಟ್ಟ. ನಿರ್ದೇಶಕರು ನೋಡಿದರು. ಕಣ್ಣರಳಿಸಿ, “ಅದ್ಭುತ!” ಎಂದರು. ಬಾಗಿಲ ಬಳಿ ನಿಂತಿದ್ದ ಟೇಪಮ್ಮನವರ ಬೆನ್ನು ನೆಟ್ಟಗಾಯಿತು. “ಸರ್ಕಸ್ಸಿನ ಸೀನಲ್ಲಿ ಹಿಂದುಗಡೆ ಖಾಲಿ ಹೊಡೀತಿತ್ತು. ಡೋಲು ಬಾರಿಸೋರ ಹಿಂದೆ ನಿಲ್ಸಿ ಇದನ್ನ. ಆ ಸೊಂಡಿಲು ಯಾಕೆ ಖಾಲಿ? ಒಂದು ಬಲೂನ್ ಕೊಡಿ.”

ಬಲೂನು ಹಳದಿಯದಾಗಿತ್ತು.

ಸಿನಿಮಾ ಬಿಡುಗಡೆಯಾದ ವಾರ ನಾವಿಬ್ಬರೂ ಮಧ್ಯಾಹ್ನದ ಆಟಕ್ಕೆ ಹೋದೆವು. ಟಿಕೆಟ್ಟಿಗೆ ನೂಕುನುಗ್ಗಲೇನೂ ಇರಲಿಲ್ಲ. ಎಲ್ಲಿ ಬೇಕಾದರೂ ಕೂರಬಹುದಿತ್ತು, ಕಾಲು ಚಾಚಿಯೂ ಕೂರಬಹುದಿತ್ತು. ನನ್ನ ಸಂಭಾಷಣೆಗೆ ಯಾರೂ ನಗಲಿಲ್ಲ. ಒಂದು ಕಡೆ ಮಗುವೊಂದು ನಕ್ಕಿತು, ಅದು ಅಪ್ಪನ ಕೈಯಿಂದ ತಿಂಡಿ ಬಿದ್ದದ್ದಕ್ಕೆ ಎಂದು ಆಮೇಲೆ ತಿಳಿಯಿತು. ಹೆಲಿಕಾಪ್ಟರ್ ಬಂತು, ಬಲೆ ಬಿತ್ತು. ಸರ್ಕಸ್ ಶುರುವಾದಾಗ ಟೇಪಮ್ಮ ಸೀಟಿನ ತುದಿಗೆ ಸರಿದರು. ಡೋಲಿನವರ ಹಿಂದೆ, ಬಲಗಡೆ ಮೂಲೆಯಲ್ಲಿ, ಹೊಲಿಗೆಯ ಗೆರೆಗಳ ದೊಡ್ಡ ಆನೆ ಬಲೂನು ಹಿಡಿದು ನಿಂತಿತ್ತು. ಆನೆಮರಿ ಅದರ ಮುಂದೆಯೇ ಹಾದುಹೋಯಿತು. ಕೇಳಲಿಲ್ಲ. ಎಲ್ಲರನ್ನೂ ಕೇಳಿದ ಪ್ರಶ್ನೆಯನ್ನು ಆ ದೊಡ್ಡ ಆನೆಯನ್ನು ಮಾತ್ರ ಕೇಳಲಿಲ್ಲ, ನಾನು ಬರೆದಿರಲಿಲ್ಲವಲ್ಲ. ಅಷ್ಟರಲ್ಲಿ ದೃಶ್ಯ ಬದಲಾಯಿತು.

“ಕಂಡ್ರಾ?” ಎಂದೆ.

“ಹ್ಞೂಂ. ಸೊಂಡಿಲು ಚೆನ್ನಾಗಿ ಕೂತಿದೆ.”

ಕೊನೆಗೆ ಮಳೆ ನಿಂತಿತು, ಬಿಸಿಲು ಬಂತು, ಆನೆಮರಿ ಛತ್ರಿ ಮರೆತು ಆಡಲು ಓಡಿತು. ಮೂಲಕ್ಕೆ ಎಳ್ಳಷ್ಟೂ ದ್ರೋಹವಾಗಲಿಲ್ಲ. ಹೆಸರುಗಳು ಮೇಲೇರತೊಡಗಿದವು, ನಿರ್ದೇಶಕರ ಹೆಸರು ನಾಲ್ಕು ಸಲ ಬಂತು. ವಸ್ತ್ರ ವಿಭಾಗ ಬರುವ ಮೊದಲೇ ದೀಪ ಹಾಕಿದರು. ಕೆಲವರು ಚಪ್ಪಲಿ ಹುಡುಕುತ್ತ ಎದ್ದರು. ಪೊರಕೆ ಹಿಡಿದವನು ಹಿಂದಿನ ಸಾಲಿನಿಂದ ಗುಡಿಸುತ್ತ ಬರತೊಡಗಿದ.

ನಾನೂ ಎದ್ದು, “ಏಳಿ ಟೇಪಮ್ಮ, ಮುಗೀತು” ಎಂದೆ.

ಅವರು ಏಳಲಿಲ್ಲ. ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ, ಗಾಳಿಯಲ್ಲಿ ಏನನ್ನೋ ತಿರುವಿ, ಎಡಗೈಯನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡರು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಕೈ.

“ಇರಪ್ಪ” ಎಂದರು, “ಇನ್ನೊಂದು ಹಾಳೆ ಇದೆ.”

ನಾನು ಕೂತೆ. ಪೊರಕೆಯವನು ನಮ್ಮ ಸಾಲಿನವರೆಗೆ ಬಂದು, ಒಮ್ಮೆ ನೋಡಿ, ಪಕ್ಕದ ಸಾಲಿಗೆ ಹೋದ.