ಕನ್ನಡಿ ನೋಡಿ ಕೆತ್ತಿದ ಕಂಬ

ಬೆಳಗಿನ ಐದು ಗಂಟೆ. ದುಬೈಯ ಅಲ್ ಕೂಜ್‌ನ ಮರಗೆಲಸದ ವರ್ಕ್‌ಶಾಪಿನಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಆನ್ಸೆಲ್ಮ್ ಪಾಯ್ಸ್ ಉಳಿ ಹಿಡಿದು ಕೂತಿದ್ದಾರೆ, ಎದುರಿಗೆ ಆರಡಿಯ ತೇಗದ ಕಂಬ ಮಲಗಿದೆ. ಅವರ ಕಣ್ಣು ಮಾತ್ರ ಗೋಡೆಯ ಮೇಲಿನ ಕ್ಷೌರದ ಕನ್ನಡಿಯಲ್ಲಿದೆ. ಕನ್ನಡಿಯ ಮುಂದೆ ಮೊಬೈಲು, ಮೊಬೈಲಿನಲ್ಲೊಂದು ಫೋಟೊ. ನೋಡುತ್ತಾರೆ, ಕೆತ್ತುತ್ತಾರೆ, ಗೊಣಗುತ್ತಾರೆ.

"ಹತ್ತು ವಾರದಿಂದ ಇದೇ ಮುಖ ನೋಡ್ತಾ ಇದ್ದೇನೆ. ಹೆಂಡತಿ ಮುಖವನ್ನೂ ಇಷ್ಟು ನೋಡಿದವನಲ್ಲ."

ಮುಖ ನಾರ್ಬರ್ಟ್ ಅವರದು. ಪಾಯ್ಸರ ಊರಿನ ಚರ್ಚ್ ಪಾಲನಾ ಸಮಿತಿಯ ಉಪಾಧ್ಯಕ್ಷರು. ಫೋಟೊದ ಮುಕ್ಕಾಲು ಪಾಲು ಅವರೇ ತುಂಬಿಕೊಂಡಿದ್ದಾರೆ. ಬೇಕಾಗಿದ್ದ ಕಂಬ ಅವರ ಹೆಗಲ ಹಿಂದೆ ಇಣುಕುತ್ತಿದೆ.

ಕಾರ್ಕಳದ ಕಡೆಯ ಆ ಹಳೆಯ ಇಗರ್ಜಿಯ ಶೈಲಿಗೆ ತಿಳಿದವರು ಬರೋಕ್ ಎನ್ನುತ್ತಾರೆ. ಪಾಯ್ಸರಿಗೆ ಆ ಹೆಸರು ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಬಲಿಪೀಠದ ಹಿಂದೆ ಮಾಡಿನವರೆಗೆ ಏರಿದ ಮರದ ಕೆತ್ತನೆ, ಕೆನ್ನೆ ಉಬ್ಬಿದ ದೇವದೂತರು, ಚಿನ್ನದ ರೇಕು, ಹಗ್ಗದಂತೆ ಹೊಸೆದು ದ್ರಾಕ್ಷಿ ಬಳ್ಳಿ ಸುತ್ತಿದ ನಾಲ್ಕು ಕಂಬಗಳು. ಎಡಗಡೆಯ ಎರಡು ಒಂದು ದಿಕ್ಕಿಗೆ ಸುತ್ತಿದರೆ ಬಲಗಡೆಯವು ಅದಕ್ಕೆ ಎದುರು ದಿಕ್ಕಿಗೆ. "ಹಾಗಿದ್ದರೇ ಕಣ್ಣು ನಡುವಿನ ಮೂರ್ತಿಗೆ ಹೋಗುವುದು" ಎಂದು ಪಾಯ್ಸ್ ಗಾಳಿಯಲ್ಲಿ ಬೆರಳು ತಿರುಗಿಸಿ ತೋರಿಸುತ್ತಾರೆ.

ಒಂದು ಕಂಬಕ್ಕೆ ಗೆದ್ದಲು ಹಿಡಿಯಿತು, ಕಿತ್ತು ಸುಟ್ಟರು. ಜನವರಿಯ ಹಬ್ಬದೊಳಗೆ ಬದಲಿ ಕಂಬ ನಿಲ್ಲದಿದ್ದರೆ ಇಡೀ ಕೆತ್ತನೆಯನ್ನೇ ತೆಗೆದು ಗ್ರಾನೈಟ್ ಹಾಕುವುದೆಂದು ಸಮಿತಿ ತೀರ್ಮಾನಿಸಿದೆ. ತಲೆಮಾರುಗಟ್ಟಲೆ ನಿಂತದ್ದನ್ನು ಕೆಡವಲು ನಮ್ಮವರಿಗೆ ಒಂದು ಮೀಟಿಂಗು, ಎರಡು ಬಿಸ್ಕತ್ತು ಸಾಕು. "ನಾನು ಮಾಡಿ ಕಳಿಸ್ತೇನೆ, ಮುಟ್ಟಬೇಡಿ" ಎಂದು ಪಾಯ್ಸ್ ಇಲ್ಲಿಂದ ಫೋನಿನಲ್ಲೇ ಅಡ್ಡ ನಿಂತರು. ಮಾದರಿಗೆ ಸುಟ್ಟದ್ದರ ಜೋಡಿ ಕಂಬದ ಫೋಟೊ ಕೇಳಿದರು, ನಾರ್ಬರ್ಟ್ ಕಳಿಸಿದ್ದು ಇದನ್ನು.

ಐವತ್ತನಾಲ್ಕರ ಪಾಯ್ಸ್ ದುಬೈಗೆ ಬಂದದ್ದು 1995ರಲ್ಲಿ. ಕೆತ್ತನೆ ಅಪ್ಪನಿಂದ ಬಂದದ್ದು. ಇಲ್ಲಿ ಏಳರಿಂದ ಆರರವರೆಗೆ ಹೋಟೆಲುಗಳ ಛಾವಣಿಗೆ ಮರದ ಹೂವು. ಹೂವನ್ನು ಮಷೀನು ಕೊರೆಯುತ್ತದೆ, ಅದರ ಒರಟನ್ನು ಪಾಯ್ಸ್ ತಿದ್ದುತ್ತಾರೆ. ದಿನಕ್ಕೆ ನಲವತ್ತು, ಎಲ್ಲವೂ ಒಂದೇ ಹೂವು. ಕಂಬದ ಕೆಲಸವೆಲ್ಲ ಅದಕ್ಕೆ ಮುಂಚಿನ ಎರಡು ಗಂಟೆಯಲ್ಲಿ.

ಮೊದಲ ಕಂಬ ಆರು ವಾರದಲ್ಲಿ ಮುಗಿಯಿತು. ಎಣ್ಣೆ ಹಚ್ಚುತ್ತಿದ್ದಾಗ ಫೋರ್‌ಮನ್ ಅಬ್ದುಲ್ ರವೂಫ್ ಫೋಟೊ ನೋಡಿ ಕೇಳಿದರು: "ಪಾಯ್ಸರೇ, ಈ ಜನದ ಅಂಗಿಯ ಕಿಸೆ ಬಲಗಡೆ ಯಾಕೆ ಉಂಟು?"

ಸೆಲ್ಫಿ. ಎಡ ಬಲವಾಗಿದೆ, ಬಲ ಎಡವಾಗಿದೆ. ಕಂಬ ಉಲ್ಟಾ ಸುತ್ತಿದೆ. ಸರಿಯಾದ ಫೋಟೊ ಕಳಿಸಿ ಎಂದರೆ ನಾರ್ಬರ್ಟ್ ಅಂಗಿ ಬದಲಿಸಿ, ಪಕ್ಕದ ಕಂಬಕ್ಕೆ ಒರಗಿ ಇನ್ನೊಂದು ಸೆಲ್ಫಿ ಕಳಿಸಿದರು. ಏನೆನ್ನಬೇಕು ಇವರಿಗೆ? ರವೂಫ್ ಇನ್ನೊಂದು ತೇಗದ ತುಂಡು ಮತ್ತು ತನ್ನ ಕೋಣೆಯ ಕನ್ನಡಿ ತಂದುಕೊಟ್ಟರು.

"ಚಿಕ್ಕಂದಿನಲ್ಲಿ ನಾನೇ ಧೂಳು ಒರೆಸಿದ ಕಂಬ. ಆದರೂ ಫೋಟೊ ನಂಬಿದೆ. ತಪ್ಪು ನನ್ನದೂ ಉಂಟು" ಎನ್ನುತ್ತಾರೆ ಪಾಯ್ಸ್.

ಇಂದು ಸೋಮವಾರ. ಗುರುವಾರದ ಹಡಗು ತಪ್ಪಿದರೆ ಕಂಬ ಹಬ್ಬಕ್ಕೆ ಮುಟ್ಟುವುದಿಲ್ಲ. ಬಾಕಿ ಇರುವುದು ಅರ್ಧ ಸುತ್ತು ಮತ್ತು ಮೂರು ಗೊಂಚಲು. ಅಷ್ಟರಲ್ಲಿ ಫೋನು. ನಾರ್ಬರ್ಟ್. ಕಂಬದ ಬುಡಕ್ಕೆ 'ಗಲ್ಫ್ ಮಿತ್ರರ ಕೊಡುಗೆ' ಎಂಬ ಹಿತ್ತಾಳೆ ಫಲಕ ಬೇಕಂತೆ, ನಡುವೆ ಪಾಯ್ಸರ ಹೆಸರೂ ಇರಲಂತೆ.

"ಫಲಕ ಮಾಫಿ, ಬೇಡವೇ ಬೇಡ. ಖಲಾಸ್" ಎಂದು ಪಾಯ್ಸ್ ಉಳಿ ಕೆಳಗಿಟ್ಟರು. ಮತ್ತೆ ದನಿ ತಗ್ಗಿಸಿ ಹೇಳಿದರು: "ನನಗೆ ಹಬ್ಬಕ್ಕೆ ರಜೆ ಇಲ್ಲ ಮಾರಾಯ್ರೆ. ಒಂದು ಫೋಟೊ ಕಳಿಸಿ, ನೀವು ಇಲ್ಲದ್ದು. ನಾಲ್ಕು ಕಂಬವೂ ಕಾಣಬೇಕು. ನಾನು ಮಾಡಿದ್ದು ಯಾವುದು ಅಂತ ನನಗೇ ಗೊತ್ತಾಗಬಾರದು."